ಸೊನ್ನೆ ಅಪರಾಧದ ಊರಿನ ತಾವ್ರಿನೊ

ತಾವ್ರಿನೊ ಮೆಂದೆಸ್ ಐವತ್ತೆಂಟು ವರ್ಷದ ಬದುಕಿನಲ್ಲಿ ನಾಲ್ಕು ಸಲ ಪೊಲೀಸನಾಗಿದ್ದಾನೆ, ನಾಲ್ಕು ಸಲವೂ ಸಂಬಳವಿಲ್ಲದೆ. ನಮ್ಮ ಸಾಂತಾ ಇನೆಸ್ ಯುಕುನಾನಾದಲ್ಲಿ ಪೊಲೀಸನಾಗಲು ಪರೀಕ್ಷೆ ಬರೆಯಬೇಕಾಗಿಲ್ಲ, ಎದೆಯಳತೆ ಕೊಡಬೇಕಾಗಿಲ್ಲ. ಡಿಸೆಂಬರಿನ ಊರಸಭೆಯಲ್ಲಿ ಯಾರೋ ಒಬ್ಬರು ನಿಮ್ಮ ಹೆಸರು ಕೂಗಬೇಕು, ಜನ ಕೈ ಎತ್ತಬೇಕು, ಅಷ್ಟೇ. ಜನವರಿ ಒಂದರಿಂದ ವರ್ಷಪೂರ್ತಿ ನೀವು ತೊಪಿಲ್. ನಿಮಗೊಂದು ದೊಣ್ಣೆ, ಒಂದು ಸೀಟಿ, ಪುರಸಭೆಯ ಜಗಲಿಯ ಬೆಂಚಿನ ಮೇಲೆ ಒಂದು ಜಾಗ. ಚೌಕ ಗುಡಿಸುವುದು, ಸಭೆಗೆ ಗಂಟೆ ಬಾರಿಸುವುದು, ಕುಡಿದು ಬಿದ್ದವನನ್ನು ಮನೆಗೆ ಹೊತ್ತುಕೊಂಡು ಹೋಗುವುದು, ಹೆಂಡತಿ ಬಾಗಿಲು ತೆಗೆಯದಿದ್ದರೆ ಅವನನ್ನೇ ಮತ್ತೆ ಹೊತ್ತುಕೊಂಡು ಬಂದು ಜೈಲಿಗೆ ಹಾಕುವುದು, ಇವೆಲ್ಲ ತೊಪಿಲನ ಕೆಲಸ. ನಮ್ಮ ಜೈಲು ಒಂದೇ ಕೋಣೆ. ಅದರಲ್ಲಿ ಹೆಚ್ಚಿನ ದಿನ ಪೊರಕೆಗಳಿರುತ್ತವೆ.

ಮೊದಲ ಸಲ ತಾವ್ರಿನೊ ತನ್ನ ಸರದಿಗೆ ತೊಪಿಲ್ ಆದ. ಎರಡನೆಯ ಸಲ ಕಾಲು ಮುರಿದುಕೊಂಡ ಅಣ್ಣನ ಸರದಿಗೆ. ಮೂರನೆಯ ಸಲ ನನ್ನ ಸರದಿಗೆ. ಆಗ ನನಗೆ ಇಪ್ಪತ್ತೆರಡು. ರಾಜಧಾನಿಯಲ್ಲಿ ಮೇಷ್ಟರ ತರಬೇತಿಯಲ್ಲಿದ್ದೆ, ಅಂದರೆ ಗಿಟಾರ್ ಕಲಿಯುತ್ತಿದ್ದೆ. "ಅವನು ಓದ್ಲಿ ಬಿಡಿ, ನಾನು ಕೂತ್ಕೋತೀನಿ" ಎಂದು ತಾವ್ರಿನೊ ಸಭೆಯಲ್ಲಿ ಹೇಳಿದನಂತೆ. ನಾಲ್ಕನೆಯದು ಹೋದ ವರ್ಷ. ವರ್ಷಕ್ಕೆ ಹನ್ನೆರಡು ತೊಪಿಲರು ಬೇಕು, ಹನ್ನೆರಡನೆಯ ಹೆಸರು ಯಾರೂ ಕೂಗದೆ ಸಭೆ ಎರಡು ಗಂಟೆ ಎಳೆಯಿತು. ತಾವ್ರಿನೊಗೆ ಎತ್ತುಗಳಿಗೆ ನೀರು ಕುಡಿಸುವ ಹೊತ್ತಾಗಿತ್ತು. ಸಭೆ ಮುಗಿದರೆ ಸಾಕೆಂದು ತನ್ನ ಕೈಯನ್ನು ತಾನೇ ಎತ್ತಿದ.

ಆ ಎತ್ತುಗಳ ವಿಷಯ ಹೇಳಬೇಕು. ಒಂದರ ಹೆಸರು ಪಾಲೊಮೊ, ಇನ್ನೊಂದು ಲುಸೆರೊ. ಪಾಲೊಮೊ ಬಿಳಿ, ಲುಸೆರೊ ಹಣೆಯ ಮೇಲೆ ಚುಕ್ಕಿಯಿದ್ದ ಕಂದು. ಇಳಿಜಾರಿನ ಹೊಲಗಳಿಗೆ ಟ್ರಾಕ್ಟರ್ ಹತ್ತುವುದಿಲ್ಲ, ಆದ್ದರಿಂದ ಅರ್ಧ ಊರಿನ ಜೋಳದ ಹೊಲ ಉಳುತ್ತಿದ್ದದ್ದು ಈ ಜೋಡಿಯೇ. ಸಂಬಳವಿಲ್ಲದ ಪೊಲೀಸನ ಮನೆಯಲ್ಲಿ ತೊರ್ತಿಯಾ ರೊಟ್ಟಿ ಬೇಯುತ್ತಿದ್ದದ್ದೂ ಅವುಗಳಿಂದಲೇ.

ನನ್ನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಅವಳನ್ನು ಎತ್ತಿ ಹಿಡಿದವನೂ ತಾವ್ರಿನೊನೇ. ಅಂದಿನಿಂದ ನಾವು ಕೊಂಪಾದ್ರೆಗಳು. ಅದುವರೆಗೆ ಹೋಗೋ ಬಾರೋ ಅನ್ನುತ್ತಿದ್ದವರು ಚರ್ಚಿನ ಮೆಟ್ಟಿಲಿಳಿಯುವಷ್ಟರಲ್ಲಿ ಬಹುವಚನಕ್ಕೆ ಹತ್ತಿದೆವು. ನಮ್ಮಲ್ಲಿ ಅದೇ ಪದ್ಧತಿ.

ನಾನು ಹೋದ ವರ್ಷ ಪುರಸಭೆಯ ಕಾರ್ಯದರ್ಶಿಯಾಗಿದ್ದೆ. ಅದೂ ಸರದಿಯೇ, ಅದಕ್ಕೂ ಸಂಬಳವಿಲ್ಲ. ಆದರೆ ಕುರ್ಚಿಯಿದೆ, ಮೊಹರಿದೆ, ಫೋನಿದೆ. ಬೆನ್ನು ಬಗ್ಗದ ಕೆಲಸ ನನ್ನನ್ನು ಹುಡುಕಿಕೊಂಡು ಬರುವುದು ಚಿಕ್ಕಂದಿನಿಂದ ರೂಢಿ.

ಮಾರ್ಚಿನಲ್ಲಿ ರಾಜಧಾನಿಯ ಒಂದು ಕಚೇರಿಯಿಂದ ಫಾರಂ ಬಂತು. ನಿಮ್ಮ ಪುರಸಭೆಯ ಜನಸಂಖ್ಯೆ ಎಷ್ಟು, ಪೊಲೀಸರು ಎಷ್ಟು, ದಾಖಲಾದ ಅಪರಾಧಗಳು ಎಷ್ಟು. ಹಿಂದಿನ ಕಾರ್ಯದರ್ಶಿಗಳೆಲ್ಲ ಪೊಲೀಸರ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದು ಕಳಿಸಿದ್ದರು. ತೊಪಿಲನನ್ನು ಪೊಲೀಸ್ ಅನ್ನಬಹುದೆಂದು ಅವರಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಹನ್ನೆರಡು ಎಂದು ಬರೆದೆ. ಜನ ಸಾವಿರದ ನೂರನಲವತ್ತು. ಅಪರಾಧದ ಕಾಲಮ್ಮಿಗೆ ದೂರು ಪುಸ್ತಕ ತೆರೆದು ನೋಡಿದೆ. ಮೊದಲ ಪುಟವೂ ಖಾಲಿ. ಊರಲ್ಲಿ ಕಳವೇ ಇಲ್ಲವೆಂದಲ್ಲ. ಕೋಳಿ ಕದ್ದವನನ್ನು ನ್ಯಾಯ ನೋಡುವ ಹಿರಿಯರು ಕರೆಸುತ್ತಾರೆ, ಅವನು ಕೋಳಿ ವಾಪಸು ಕೊಡುತ್ತಾನೆ, ತಲೆ ತಗ್ಗಿಸುತ್ತಾನೆ, ಎಲ್ಲರೂ ಒಂದೊಂದು ಲೋಟ ಮೆಸ್ಕಾಲ್ ಸಾರಾಯಿ ಕುಡಿದು ಎದ್ದು ಹೋಗುತ್ತಾರೆ. ಅದನ್ನೆಲ್ಲ ಯಾರು ಬರೆಯುತ್ತಾರೆ? ಸೊನ್ನೆ ಎಂದು ಬರೆದು, ಮೊಹರು ಒತ್ತಿ ಕಳಿಸಿದೆ.

ಸೆಪ್ಟೆಂಬರಿನಲ್ಲಿ ಪಟ್ಟಿ ಅಚ್ಚಾಯಿತು. ಪಕ್ಕದ ವಿಯಾ ಕಾರ್ಮೆಲಾದಲ್ಲಿ ಸಾವಿರ ಜನಕ್ಕೆ ಐವರು ಪೊಲೀಸರು, ಮುನ್ನೂರ ಹನ್ನೆರಡು ಅಪರಾಧ. ನಮ್ಮಲ್ಲಿ ಸಾವಿರಕ್ಕೆ ಹತ್ತೂವರೆ ಪೊಲೀಸರು, ಅಪರಾಧ ಸೊನ್ನೆ. ರಾಜಧಾನಿಯಲ್ಲೂ ಅಷ್ಟು ಪೊಲೀಸರಿಲ್ಲವಂತೆ. ಪೊಲೀಸರು ಹೆಚ್ಚಿದಷ್ಟೂ ಅಪರಾಧ ಇಳಿಯುತ್ತದೆ, ನೋಡಿ ಸಾಂತಾ ಇನೆಸ್ ಅನ್ನು, ಎಂದು ಒಂದು ಪತ್ರಿಕೆ ಬರೆಯಿತು. ಅದನ್ನು ಕತ್ತರಿಸಿ ನನ್ನ ಕುರ್ಚಿಯ ಹಿಂದೆ ಅಂಟಿಸಿದೆ. ನಾನು ಅಂಟಿಸಲಿಲ್ಲ, ಯಾರೋ ಅಂಟಿಸಿದರು ಎಂದು ಹೆಂಡತಿಗೆ ಹೇಳಿದೆ.

ತಾವ್ರಿನೊ ಮಾತ್ರ ಅದನ್ನು ಓದಿ, "ಈ ಅರ್ಧ ಪೊಲೀಸ್ ಯಾರು ಕೊಂಪಾದ್ರೆ? ನಾನೇನಾ?" ಎಂದು ಕೇಳಿದ.

ನವೆಂಬರಿನ ಒಂದು ಗುರುವಾರ ರಾಜಧಾನಿಯ ದೊಡ್ಡ ಅಧಿಕಾರಿಗಳು ಬರುತ್ತಾರೆಂದು ಗೊತ್ತಾಯಿತು. ಸೊನ್ನೆಗೆ ಬಹುಮಾನವಾಗಿ ಗೋಡೆಗೆ ಹಿತ್ತಾಳೆಯ ಫಲಕ, ಊರಿಗೊಂದು ಗಸ್ತು ಜೀಪು. ಸೋಮವಾರದಿಂದಲೇ ಪುರಸಭೆಯ ಅಧ್ಯಕ್ಷರು ಹನ್ನೆರಡೂ ತೊಪಿಲರನ್ನು ಸುಣ್ಣ ಬಳಿಯಲು ಹಚ್ಚಿದರು. ಯಾರೂ ಮನೆಗೆ ಹೋಗಕೂಡದು, ಜಗಲಿಯಲ್ಲೇ ಮಲಗಬೇಕು. ತಾವ್ರಿನೊ ದಿನಾ ಸಂಜೆ ಗುಡ್ಡದ ಹೊಲದಿಂದ ಎತ್ತುಗಳನ್ನು ಮನೆಗೆ ಹೊಡೆದುಕೊಂಡು ಬರುತ್ತಿದ್ದ. ಆ ಸೋಮವಾರ ಆಗಲಿಲ್ಲ. ಹೆಂಡತಿ ಕ್ರಿಸೋಫೊರಾಗೆ ಮಂಡಿನೋವು, ಗುಡ್ಡ ಹತ್ತಲಾರಳು. ಎತ್ತುಗಳು ಗೂಟದಲ್ಲೇ ಉಳಿದವು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತಾವ್ರಿನೊ ನನ್ನ ಮೇಜಿನ ಮುಂದೆ ಬಂದು ನಿಂತ. ಬಳಿಯುವ ಕೆಲಸದ ನಡುವೆ ಗುಡ್ಡಕ್ಕೆ ಓಡಿ ಬಂದಿದ್ದ, ಕೈಯೆಲ್ಲ ಸುಣ್ಣ.

"ಎತ್ತಿಲ್ಲ, ಕೊಂಪಾದ್ರೆ."

"ಹಗ್ಗ ಕಿತ್ಕೊಂಡು ಹೋಗಿರ್ತವೆ."

ಅವನು ಹಗ್ಗವನ್ನು ಮೇಜಿನ ಮೇಲಿಟ್ಟ. ಒಂದೇ ಏಟಿಗೆ ಕೊಯ್ದ ಹಗ್ಗ.

"ಎತ್ತಿನ ಹಲ್ಲು ಇಷ್ಟು ಹರಿತ ಇರಲ್ಲ. ದಾರೀಲಿ ಲಾರಿ ಚಕ್ರದ ಗುರುತೈತೆ. ಬರ್ಕೊಳ್ಳಿ. ನಾಳೆ ವಿಯಾ ಕಾರ್ಮೆಲಾದಾಗೆ ದನದ ಸಂತೆ, ಅಲ್ಲಿಗೇ ತರ್ತಾರೆ. ಮೊಹರಿರೋ ಕಾಗದ ಒಂದಿದ್ರೆ ಅಲ್ಲಿನ ಪೊಲೀಸ್ರು ಲಾರಿ ನಿಲ್ಲಿಸ್ತಾರೆ."

ನಾನು ದೂರು ಪುಸ್ತಕ ತೆಗೆದೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಅಧ್ಯಕ್ಷರು ಬೇಡವೆಂದರು ಎಂದು ಇಲ್ಲಿ ಬರೆದರೆ ನನಗೆ ಎಷ್ಟೋ ಅನುಕೂಲ. ಆದರೆ ಪಾಪ, ಅವರು ಆ ಹೊತ್ತಿಗೆ ಹಿತ್ತಲಲ್ಲಿ ಸುಣ್ಣ ಕಲಸುತ್ತಿದ್ದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ.

"ಕೊಂಪಾದ್ರೆ," ಅಂದೆ, "ಶನಿವಾರ ಬರೆದುಬಿಡ್ತೀನಿ. ಗುರುವಾರ ಒಂದು ಕಳೀಲಿ. ಅವರು ಬಂದು ಪುಸ್ತಕ ಕೇಳಿದ್ರೆ ಏನ್ ತೋರಿಸೋದು? ಇಡೀ ಊರಿನ ಮರ್ಯಾದೆ ನೋಡಿ."

"ಸಂತೆ ನಾಳೆ."

"ನಿಮ್ಮ ಹತ್ರ ಎತ್ತಿನ ಮುದ್ರೆ ಕಾಗದ ಇದೆಯಲ್ಲ. ಅದನ್ನೇ ತೋರಿಸಿ. ಸಾಕಾಗತ್ತೆ."

ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎತ್ತಿನ ಮೈಗೆ ಒತ್ತಿದ ಮುದ್ರೆಯ ಕಾಗದ ಅದು ಯಾರದೆಂದು ಹೇಳುತ್ತದೆ. ಕದ್ದದ್ದೋ ಮಾರಿದ್ದೋ ಹೇಳುವುದಿಲ್ಲ. ತಾವ್ರಿನೊ ನನ್ನ ಮುಖ ನೋಡಿದ. ಓದಿದವನು ಹೇಳುತ್ತಿದ್ದಾನೆ, ಸರಿಯೇ ಇರಬೇಕು, ಎನ್ನುವ ನೋಟ. ಹಗ್ಗ ಸುತ್ತಿಕೊಂಡು ಹೊರಟ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಬುಧವಾರ ಹನ್ನೊಂದೂವರೆಗೆ ಫೋನ್ ಬಂತು. ನನ್ನೆದುರು ರಾಜಧಾನಿಯ ಕಚೇರಿಯ ಹೆಣ್ಣುಮಗಳೊಬ್ಬಳು ಕೂತಿದ್ದಳು, ಫಲಕದ ಜಾಗ ನೋಡಲು ಒಂದು ದಿನ ಮೊದಲೇ ಬಂದವಳು. ಅವಳಿಗೆ ಕಾಫಿ ಬಗ್ಗಿಸುತ್ತಲೇ ಫೋನ್ ಎತ್ತಿದೆ.

"ಸಾಂತಾ ಇನೆಸ್ ಪುರಸಭೆನಾ? ನಾನು ವಿಯಾ ಕಾರ್ಮೆಲಾ ಸಂತೆಯಿಂದ, ಪೊಲೀಸ್. ಇಲ್ಲೊಬ್ಬ ದೊಣ್ಣೆ ಹಿಡ್ಕೊಂಡಿರೋ ಯಜಮಾನರು ಲಾರಿಗೆ ಅಡ್ಡ ನಿಂತಿದಾರೆ. ಎರಡು ಎತ್ತು ತಮ್ಮದು ಅಂತಾರೆ. ಮಾರೋನು, ನಂಗೆ ಇವರ ಮನೆಯವರೇ ಮಾರಿದ್ರು ಅಂತಾನೆ. ನಿಮ್ಮೂರಲ್ಲಿ ಎತ್ತು ಕಳುವಾಗಿದ್ದು ದಾಖಲಾಗಿದೆಯಾ ಸಾರ್? ಹೂಂ ಅನ್ನಿ, ಕಾಗದ ಆಮೇಲೆ ಕಳ್ಸಿ, ನಾನು ಲಾರಿ ಹಿಡಿದಿಡ್ತೀನಿ."

ಇಂಥ ಒಳ್ಳೆಯ ಪೊಲೀಸ್ ಮುನ್ನೂರ ಹನ್ನೆರಡು ಅಪರಾಧದ ಊರಿನಲ್ಲಿ ಇರುತ್ತಾನೆಂದು ನಾನು ಎಣಿಸಿರಲಿಲ್ಲ. ಅವನಿಗೆ ಬೇಕಾದದ್ದು ಒಂದು ಹೂಂ. ಎದುರಿಗಿದ್ದವಳು ಸಕ್ಕರೆ ಕದಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ನಮ್ಮ ಪುರಸಭೆಯಲ್ಲಿ ಅಂಥ ಯಾವ ಕಳವೂ ದಾಖಲಾಗಿಲ್ಲ" ಅಂದೆ. ಮೇಷ್ಟರ ದನಿಯಲ್ಲಿ, ಪ್ರತಿಯೊಂದು ಅಕ್ಷರ ಸ್ಪಷ್ಟವಾಗಿ.

ಆ ಕಡೆ ದನಗಳ ಕೂಗಿನ ನಡುವೆ ಪೊಲೀಸ್ ತಾವ್ರಿನೊಗೆ ಹೇಳಿದ: "ಕೇಳಿಸ್ತಲ್ಲ ಯಜಮಾನ್ರೇ? ಫೋನ್ ಸ್ಪೀಕರಿನಲ್ಲೇ ಇಟ್ಟಿದ್ದೆ. ನಿಮ್ಮೂರಿನವರೇ ಇಲ್ಲ ಅಂತಿದಾರೆ, ನಾನೇನ್ ಮಾಡ್ಲಿ? ಬನ್ನಿ ಈ ಕಡೆ."

ಫೋನಿಟ್ಟೆ. "ಏನಾದ್ರೂ ತೊಂದರೆನಾ?" ಎಂದು ಹೆಣ್ಣುಮಗಳು ಕೇಳಿದಳು.

"ಏನಿಲ್ಲ, ಪಕ್ಕದೂರಿನವರು. ಅವರದ್ದು ದಿನಾ ಒಂದಿರುತ್ತೆ."

ಗುರುವಾರ ಎಲ್ಲ ಚೆನ್ನಾಗಿ ನಡೆಯಿತು. ಬ್ಯಾಂಡ್ ಬಾರಿಸಿತು, ಹನ್ನೆರಡು ತೊಪಿಲರು ಸಾಲಾಗಿ ನಿಂತರು. ತಾವ್ರಿನೊ ಬರಲಾರನೆಂದು ಎಣಿಸಿದ್ದೆ, ನಿಜ ಹೇಳಬೇಕೆಂದರೆ ಬರದಿರಲಿ ಎಂದು ಹಾರೈಸಿದ್ದೆ. ಅವನು ಒಗೆದ ಅಂಗಿ ಹಾಕಿಕೊಂಡು ಏಳನೆಯವನಾಗಿ ನಿಂತಿದ್ದ. ಅಧಿಕಾರಿಗಳು ಒಬ್ಬೊಬ್ಬರ ಕೈ ಕುಲುಕುತ್ತಾ ಅವನ ಮುಂದೆ ನಿಂತರು. ವಯಸ್ಸು ನೋಡಿ ಇವನೇ ಹಿರಿಯ ಪೊಲೀಸ್ ಅಂದುಕೊಂಡಿರಬೇಕು.

"ಹೇಳಿ, ಒಂದೂ ಕಳವಾಗದ ಹಾಗೆ ಹೇಗೆ ಕಾಯ್ತೀರಿ?"

ಜನವೆಲ್ಲ ತಾವ್ರಿನೊನ ಬಾಯಿ ನೋಡಿತು. ಸಂತೆಯ ಸುದ್ದಿ ಊರಿಗೆ ಬುಧವಾರವೇ ಬಂದಿತ್ತು.

"ಅದು ಕಾಗದದ ಕೆಲ್ಸ ಸಾಹೇಬ್ರೇ," ಅಂದ ತಾವ್ರಿನೊ. "ಕಾರ್ಯದರ್ಶಿಗಳು ನೋಡ್ಕೋತಾರೆ. ನಾನು ಗುಡಿಸೋನು."

ಅಧಿಕಾರಿಗಳು ನಕ್ಕು, ಎಂಥ ವಿನಯ ಎಂದು ಅವನ ಬೆನ್ನು ತಟ್ಟಿದರು. ಊರಿನವರು ಯಾರೂ ನಗಲಿಲ್ಲ. ಆಮೇಲೆ ಊಟಕ್ಕೆ ಮೋಲೆ ಸಾರಿತ್ತು, ನನ್ನ ತಟ್ಟೆಗೆ ಕೋಳಿಯ ತೊಡೆಯೇ ಬಿತ್ತು. ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಬೇಕು, ಆದರೆ ಇಳಿಯಿತು.

ಶನಿವಾರ ದೂರು ಪುಸ್ತಕ, ಮೊಹರು, ಇಂಕಿನ ಪ್ಯಾಡು ಎಲ್ಲ ಚೀಲಕ್ಕೆ ಹಾಕಿಕೊಂಡು ತಾವ್ರಿನೊನ ಮನೆಗೆ ಹೋದೆ. ಕ್ರಿಸೋಫೊರಾ ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದಳು. ಇಪ್ಪತ್ತು ವರ್ಷದಿಂದ ನನ್ನನ್ನು ಕೊಂಪಾದ್ರೆ ಎಂದು ಕರೆದವಳು, "ಬನ್ನಿ ಕಾರ್ಯದರ್ಶಿಗಳೇ" ಅಂದಳು. "ಒಳಗೆ ಬನ್ನಿ, ಭಯ ಬೇಡ. ನಮ್ಮೂರಲ್ಲಿ ಕಳ್ಳರಿಲ್ಲ."

ತಾವ್ರಿನೊ ಕೊಟ್ಟಿಗೆಯ ಮುಂದೆ ಕೂತು ನೊಗಕ್ಕೆ ಎಣ್ಣೆ ಸವರುತ್ತಿದ್ದ.

"ಬರೀತೀನಿ ಕೊಂಪಾದ್ರೆ," ಅಂದೆ. "ಮಂಗಳವಾರದ ತಾರೀಕೇ ಹಾಕ್ತೀನಿ. ಆವತ್ತೇ ಬರೆದ ಹಾಗೆ. ಅದನ್ನ ಹಿಡ್ಕೊಂಡು ಎತ್ತು ಹುಡುಕ್ಬೋದು."

"ಎಲ್ಲಿ ಹುಡುಕ್ತೀರಿ? ಆ ಲಾರಿ ಕಸಾಯಿಖಾನೇದು."

ಅವನು ನೊಗವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ.

"ಬರೀರಿ. ಆದ್ರೆ ಆದಂಗೆ ಬರೀರಿ. ಮಂಗಳವಾರ ನಾನು ಬಂದೆ. ಹೇಳ್ದೆ. ನೀವು ಬರೀಲಿಲ್ಲ. ಬುಧವಾರ ಫೋನ್ ಬಂತು. ನೀವು ಇಲ್ಲ ಅಂದ್ರಿ. ಶನಿವಾರ ಬರೀತಿದೀರಿ. ಅಷ್ಟು."

"ಅದು… ದೂರಿನಲ್ಲಿ ಅದೆಲ್ಲ ಬರೆಯೋ ಪದ್ಧತಿ ಇಲ್ಲ ಕೊಂಪಾದ್ರೆ."

"ಪುಸ್ತಕದಾಗೆ ಇದೇ ಮೊದಲ್ನೇದಲ್ವಾ," ಅಂದ. "ಪದ್ಧತಿ ಎಲ್ಲಿಂದ ಬಂತು?"

ಬರೆದೆ. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಕೈ, ಒಂದು ಪುಟ ಬರೆಯಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಓದಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತುವವನಲ್ಲ. ನಿಧಾನವಾಗಿ ಪೂರ್ತಿ ಹೆಸರು ಬರೆದ. ಕೆಳಗೆ ನಾನು ಸಹಿ ಹಾಕಿದೆ. ಕ್ರಿಸೋಫೊರಾ ಕುಡಿಯಲು ನೀರು ತಂದುಕೊಟ್ಟಳು, ನೀರು ಮಾತ್ರ.

ನಮ್ಮಲ್ಲಿ ವರ್ಷಕೊನೆಯ ಊರಸಭೆಯಲ್ಲಿ, ಅಧಿಕಾರ ಬಿಟ್ಟುಕೊಡುವ ಮೊದಲು, ಆ ವರ್ಷ ದಾಖಲಾದ ಎಲ್ಲವನ್ನೂ ಕಾರ್ಯದರ್ಶಿ ನಿಂತು ಗಟ್ಟಿಯಾಗಿ ಓದಬೇಕು. ಮದುವೆ, ಸಾವು, ಗಡಿ ಅಳತೆ ಎಲ್ಲ ಓದಿ ದೂರು ಪುಸ್ತಕಕ್ಕೆ ಬಂದೆ. ಒಂದೇ ದೂರು. ತಾವ್ರಿನೊ ಅಂದೂ ತೊಪಿಲ್. ಬಾಗಿಲಲ್ಲಿ ದೊಣ್ಣೆ ಊರಿಕೊಂಡು ನಿಂತಿದ್ದ.

ತಲೆ ಎತ್ತದೆ ಓದಿದೆ. ನನ್ನ ಹೆಸರು ನಾಲ್ಕು ಸಲ ಬರುತ್ತದೆ. ಮೂರನೆಯ ಸಲಕ್ಕೆ ದನಿ ಎಲ್ಲಿಗೋ ಹೋಯಿತು.

"ಹಿಂದೆ ಕೇಳ್ತಿಲ್ಲ ಮೇಷ್ಟ್ರೇ" ಎಂದು ಯಾರೋ ಹೆಂಗಸರ ಕಡೆಯಿಂದ ಅಂದರು. ಕೇಳಿರಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತೋ, ತಿಳಿಯದು. ನನ್ನ ಹಳೆಯ ವಿದ್ಯಾರ್ಥಿನಿಯೇ ಇರಬೇಕು. ಮೊದಲಿಂದ, ತಾರೀಕಿನಿಂದ, ಮತ್ತೆ ಓದಿದೆ. ಈ ಸಲ ಬಾಗಿಲವರೆಗೂ ಕೇಳಿತು.

"ಒಂದ್ ತಪ್ಪೈತೆ" ಎಂದಿತು ತಾವ್ರಿನೊನ ದನಿ.

ಸಭೆ ತಿರುಗಿ ನೋಡಿತು. ನಾನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಪಾಲೊಮೊಗೆ ಆರು ವರ್ಷ ಅಂತ ಬರೆದೀರಿ. ಏಳು."

ಪೆನ್ನು ತೆಗೆದು ಆರನ್ನು ಹೊಡೆದು ಏಳು ಮಾಡಿದೆ. ತಿದ್ದಿದ್ದು ನಾನೇ ಎಂದು ಪಕ್ಕದಲ್ಲಿ ಸಹಿ ಹಾಕಿದೆ. ಆಮೇಲೆ ಬರುವ ವರ್ಷದ ತೊಪಿಲರ ಹೆಸರು ಕೂಗಲು ಶುರುಮಾಡಿದರು, ನಾನು ಬರೆದುಕೊಳ್ಳಲು ಕೂತೆ.