ಅತ್ತೆ ಮುಂಬಾಗಿಲಿನಿಂದ ಬಂದರು

ಮೊನ್ನೆ ಎಂ.ಜಿ. ರಸ್ತೆಯ ಬ್ಯಾಂಕುಗಳ ನಡುವೆ ಉಳಿದಿರುವ ಹಳೇ ಪಬ್ಬುಗಳನ್ನು ನೋಡಲು ಆಫೀಸಿನವರು ಹೊರಟಾಗ, ಮನೆಗೆ ಹೋಗುವ ಬಂಗಾರಪೇಟೆಯ ರೈಲು ತಪ್ಪಿದರೆ ತಪ್ಪಲಿ ಎಂದು ನಾನೂ ಸೇರಿಕೊಂಡೆ. ಬಾಗಿಲು ತೆರೆದದ್ದೇ ತಡ, ಬಿಯರು ಕುಡಿದು ಕಪ್ಪಾದ ಮರದ ವಾಸನೆ. ನನಗೆ ಥಟ್ಟನೆ ನೆನಪಾದದ್ದು ಬೇತಮಂಗಲದ ಸೋದರತ್ತೆ. ನಗಬೇಡಿ, ಅವರು ಮಾರುತ್ತಿದ್ದದ್ದು ಹಾಲು.

ಕೋಲಾರದ ಚಿನ್ನದ ಗಣಿಯ ಉರಿಗಾಂನಲ್ಲಿ ಬ್ರಿಟಿಷ್ ದೊರೆಗಳ ಕಾಲದ ಒಂದು ಬಾರು ಇತ್ತು. ಅದರ ಹಿಂದೆಯೇ ಮಾಲೀಕರ ಮನೆ. ಅತ್ತೆ ವರ್ಷಗಟ್ಟಲೆ ಅಲ್ಲಿಗೆ ಹಾಲು ಹಾಕಿದ್ದು ಹಿಂಬಾಗಿಲಿನಲ್ಲೇ. ಮಾವ ಗಣಿಯ ಪಾಳಿ ಮುಗಿಸಿ ಬಾರಿನ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಗೋಡೆಯಾಚೆಯಿಂದ ಅವರ ನಗು ಕೇಳುತ್ತಿತ್ತಂತೆ. ಮನೆಯಲ್ಲಿ ಆ ಮನುಷ್ಯ ನಕ್ಕಿದ್ದನ್ನು ಕಂಡವರಿಲ್ಲ.

ಮಾವ ತೀರಿಕೊಂಡ ಮೇಲೆ, ಆ ಬಾರು ಮುಚ್ಚುತ್ತದೆಂಬ ಸುದ್ದಿ ಬಂತು. ಅತ್ತೆ ನನ್ನನ್ನು ಕರೆದರು.

"ಮುಚ್ಚೋಕ್ ಮುಂಚೆ ಓಗಾನ ಬಾರಮ್ಮಿ. ಮುಂದ್ಗಡೆಯಿಂದ."

ಹೋದೆವು. ಕುಡಿಯುವ ನನಗಿಂತ ಸೋಡಾ ಮಾತ್ರ ಕಂಡಿದ್ದ ಅತ್ತೆಗೇ ಧೈರ್ಯ ಹೆಚ್ಚು; ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಹಿಂದೆ ನಡೆದೆ. ಗ್ಲಾಸುಗಳೆಲ್ಲ ಗಾಳಿಯಲ್ಲೇ ನಿಂತವು. ಮುದಿ ಮಾಲೀಕರು ಮಾತ್ರ "ವಾಂಗಮ್ಮಾ" ಎಂದು ತಮಿಳಿನಲ್ಲಿ ಸ್ವಾಗತಿಸುತ್ತ ಎದ್ದು ಬಂದು, ಕಿಟಕಿಯ ಪಕ್ಕದ ಬೆಂಚು ತೋರಿಸಿದರು. ಮಾವ ಕೂರುತ್ತಿದ್ದದ್ದು ಅಲ್ಲೇ.

ಅತ್ತೆ ಕೂತರು. ಮರವನ್ನು ಸವರಿದರು. ಆಮೇಲೆ ಕೇಳಿದರು: "ಏನಕ್ಕೆ ಅಷ್ಟು ನಗ್ತಿದ್ರು?"

ಮಾಲೀಕರು ಸಂಕೋಚಪಟ್ಟರು. "ನಿಮ್ದೇ ಕಥೆನಮ್ಮಾ. ನೀವು ಎಮ್ಮೆಗೆ ಬಯ್ಯೋದನ್ನ ಹಂಗೇ ಮಾಡಿ ತೋರ್ಸೋರು. ತಾವೇ ಮೊದ್ಲು ನಗೋರು."

ಅತ್ತೆ ತಲೆ ತಗ್ಗಿಸಿ ಬೆಂಚನ್ನೇ ನೋಡಿದರು. ಇನ್ನೇನು ಅಳುತ್ತಾರೆಂದು ನಾನು ಕರವಸ್ತ್ರ ಹುಡುಕುತ್ತಿದ್ದೆ. "ನನ್ ಮುಂದೆ ಮಾಡಿದ್ರೆ ನಾನೂ ನಗ್ತಿದ್ನಲ್ಲ" ಎಂದರು ಮೆಲ್ಲಗೆ.

ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಒದೀತೀಯೇನೇ ಗೌರಿ, ನೆಟ್ಗೆ ನಿಂತ್ಕಳೇ, ನಿನ್ ಸೊಕ್ಕು ಇಳಿಸ್ತೀನಿ" ಎಂದು ಆರಂಭಿಸಿ, ಕನ್ನಡ ಸಾಲದೆ ತೆಲುಗಿಗೆ ಹಾರಿ, ಗೌರಿ ಎಮ್ಮೆಯ ಏಳು ತಲೆಮಾರನ್ನೂ ಬಯ್ದರು. ಬಾರು ಬಾರೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅತ್ತೆ. ನನ್ನ ದುಪಟ್ಟಾ ಯಾವಾಗ ಜಾರಿತೋ ಗೊತ್ತೇ ಆಗಲಿಲ್ಲ.

ಎಂ.ಜಿ. ರಸ್ತೆಯಲ್ಲಿ ಮೊನ್ನೆ ಗೆಳೆಯರು ಕಟ್ಟಡದ ಚರಿತ್ರೆ ಹೇಳುತ್ತಿದ್ದಾಗ ನಾನು ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ. ಎಲ್ಲಿದ್ದೇನೆಂದು ಹೇಳಿದೆ.

"ಅಲ್ಲಿ ಎಂಗಸ್ರು ಕೂತವ್ರಾ?"

ತುಂಬಾ ಜನ ಇದ್ದಾರೆಂದೆ.

"ಅಂಗಾದ್ರೆ ಭಾನುವಾರ ಬತ್ತೀನಿ. ಜಾಗ ಇಡು."