ಥಮ್ ಅಂದ್ರೆ ನಿಲ್ಲು

ಬಿಡದಿ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅಲ್ಲಿ ಕೆಲಸಕ್ಕೆ ಬಂದೋರಿಗೆ ಅಂತ ಬಾಡಿಗೆ ಮನೆ ಕಟ್ಟುತ್ತಿದ್ದ ನಮ್ಮ ಮೇಸ್ತ್ರಿ ಮಿಲ್ಟ್ರಿಯಿಂದ ರಿಟೈರ್ ಆಗಿ ಬಂದೋರು. ಗಾರೆ ಕೆಲಸದೋರನ್ನೂ ಪರೇಡಿಗೆ ನಿಲ್ಲಿಸಿದಂಗೆ ಸಾಲಾಗಿ ನಿಲ್ಲಿಸೋರು. ಗಾಬರಿಯಾದರೆ ಬಾಯಲ್ಲಿ ಬರೀ ಹಿಂದಿ.

ಅವತ್ತು ನಾನು ನೀರಿನ ಸಂಪಿನೊಳಗೆ ಇಳಿದು ಗೋಡೆಗೆ ಗಾರೆ ಬಳಿಯುತ್ತಿದ್ದೆ. ಸಾತನೂರು ಕಡೆಯ ಹೊಸ ಆಳುಗಳಿಗೆ ಅದು ಗೊತ್ತಿರಲಿಲ್ಲ. ಸಂಪು ಮುಚ್ಚೋಕೆ ತಂದಿದ್ದ ಕಲ್ಲು ಚಪ್ಪಡಿಯನ್ನ ಹಾರೆ ಹಾಕಿ ಮೀಟಿ ಮೀಟಿ ಬಾಯಿಗೆ ತಂದುಬುಟ್ಟರು. ನನ್ನ ತಲೆ ಮೇಲಿನ ಬೆಳಕು ಅರ್ಧ ಆಯಿತು. ಕೂಗಿಕೊಂಡೆ, ಹಾರೆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

“ಥಮ್! ಥಮ್!” ಮೇಸ್ತ್ರಿ ಅರಚಿಕೊಂಡು ಓಡಿಬಂದದ್ದು ಕೇಳಿಸಿತು.

ಮಿಲ್ಟ್ರಿಯಲ್ಲಿ ಥಮ್ ಅಂದ್ರೆ ನಿಲ್ಲು. ಆ ಬಡ್ಡಿಮಕ್ಕಳಿಗೆ ಕೇಳಿಸಿದ್ದು ದಮ್.

“ದಮ್ ಹಾಕ್ರಲೇ!” ಅಂತ ಇನ್ನೂ ಜೋರಾಗಿ ಮೀಟಿದರು.

ಗೋಡೆಗೆ ಹಲ್ಲಿಯಂಗೆ ಅಂಟಿಕೊಂಡೆ. ಚಪ್ಪಡಿ ಜಾರಿ ಬಂದು ನಾನು ನಿಂತಿದ್ದ ಜಾಗಕ್ಕೇ ಬಿತ್ತು. ನನ್ನ ಕರಣೆ ಅದರಡಿ ಅಪ್ಪಚ್ಚಿ.

“ಜೀವ ಐತೇನ್ಲಾ?” ಮೇಸ್ತ್ರಿ ಬಗ್ಗಿ ಕೂಗಿದರು, ಗಾಬರಿಯಲ್ಲಿ ಮೊದಲ ಸಲ ಕನ್ನಡದಲ್ಲಿ.

ಈಗಲೂ ಆಗಸ್ಟ್ ಹದಿನೈದಕ್ಕೆ ಮೊಮ್ಮಗಳ ಸ್ಕೂಲಿಗೆ ಹೋಗ್ತೀನಿ. ಪರೇಡಿನಲ್ಲಿ “ಥಮ್” ಅಂತಾರೆ. ಮಕ್ಕಳೆಲ್ಲ ನಿಲ್ತಾರೆ. ನಾನು ಗೋಡೆ ಹುಡುಕ್ತೀನಿ.