ಸಾದಲಿಯ ವಾರಗಿತ್ತಿಯರು ಸೈಕಲ್ ಕಲಿತದ್ದು

ಅಮ್ಮಾಜಮ್ಮನಿಗೆ ಸೈಕಲ್ಲಿನ ಯೋಚನೆ ಬಂದದ್ದು ಕತ್ತು ನೋವಿನಿಂದ. ಸಾದಲಿಯ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ, ರೇಷ್ಮೆ ಹುಳುಗಳಿಗೆ ಹಾಕುವ ಹಿಪ್ಪುನೇರಳೆ ಸೊಪ್ಪನ್ನು ಕೆರೆಯಾಚೆಯ ತೋಟದಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದವಳು ಅವಳೇ. ಗಂಡ ತೀರಿಕೊಂಡ ಮೇಲೂ ಹೊತ್ತಳು. ಅರವತ್ತು ಹತ್ತಿರ ಬಂದಾಗ ಕತ್ತು ಹೊರಳಿಸಲಾಗದೆ ಶಿಡ್ಲಘಟ್ಟಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದಳು. ಇನ್ನು ಮೇಲೆ ತಲೆಯ ಮೇಲೆ ಖಾಲಿ ಬಿಂದಿಗೆಯನ್ನೂ ಇಡಬಾರದು ಎಂದರು ಅವರು.

ಮಕ್ಕಳಿಲ್ಲದ ಅಮ್ಮಾಜಮ್ಮ ಮೈದುನ ಮುನಿಶಾಮಪ್ಪನ ಸಂಸಾರದಲ್ಲೇ ಇದ್ದಳು. ಮೈದುನನ ಹೆಂಡತಿ ರಾಮಲಕ್ಷ್ಮಮ್ಮ ಚಿಂತಾಮಣಿಯಾಚೆಯ ತೆಲುಗು ಮಾತಿನ ಊರಿನವಳು, ಅಮ್ಮಾಜಮ್ಮನಿಗಿಂತ ಏಳೆಂಟು ವರ್ಷ ಚಿಕ್ಕವಳು. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ಇವರಿಬ್ಬರೂ ಜಗಳವಾಡುತ್ತಿದ್ದದ್ದೂ ನಿಜ. ಆದರೆ ಜಗಳದ ದಿನವೂ ಒಬ್ಬಳು ಉಣ್ಣದೆ ಇನ್ನೊಬ್ಬಳು ಮುದ್ದೆ ಮುರಿದವಳಲ್ಲ. ರಾಮಲಕ್ಷ್ಮಮ್ಮನ ಮಗಳು ಯಾಮಿನಿಯನ್ನು ಹೆತ್ತವಳು ಯಾರು, ಹೊತ್ತು ಬೆಳೆಸಿದವಳು ಯಾರು ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ.

ಯಾಮಿನಿ ಹೈಸ್ಕೂಲಿಗೆ ಹೋಗುವಾಗ ಸರ್ಕಾರದವರು ಕೊಟ್ಟಿದ್ದ ಸೈಕಲ್ಲು ಹುಳು ಮನೆಯ ಹಿಂದೆ ತುಕ್ಕು ಹಿಡಿದು ನಿಂತಿತ್ತು. ಆಕೆ ಮದುವೆಯಾಗಿ ಚಿಂತಾಮಣಿ ಸೇರಿ, ಅಲ್ಲೇ ಟೀಚರಾಗಿದ್ದಳು. ಅಮ್ಮಾಜಮ್ಮ ಸೈಕಲ್ಲನ್ನು ರಿಪೇರಿ ಮಾಡಿಸಿ, ಹಿಂದಿನ ಕ್ಯಾರಿಯರಿಗೆ ಸೊಪ್ಪಿನ ಹೊರೆ ಕಟ್ಟಿ ತಳ್ಳಿಕೊಂಡು ಬರತೊಡಗಿದಳು. ಕೆಲವು ದಿನವಾದ ಮೇಲೆ ರಾಮಲಕ್ಷ್ಮಮ್ಮನೇ ನಕ್ಕಳು.

"ಅಕ್ಕ, ಎತ್ತು ಕಟ್ಟಿದ ಗಾಡೀನ ಮನುಷ್ಯ ತಳ್ಳಿದಂಗಾಯ್ತು ಕಣಕ್ಕ ನಿನ್ ಕತೆ. ಹತ್ತಿ ತುಳೀಬಾರ್ದಾ?"

"ಹತ್ತಿಸ್ತೀಯೇನೇ?"

"ಹತ್ತಿಸ್ತೀನಿ. ನೀನು ಕಲ್ತ್ ಮೇಲೆ ನಂಗೂ ಕಲಿಸ್ಬೇಕು, ಅಷ್ಟೆ."

ಹುಳುಗಳು ಪೊರೆ ಬಿಡುವ ಮೊದಲು ಮೇವು ಮುಟ್ಟದೆ ಸುಮ್ಮನಿರುತ್ತವೆ. ಅದನ್ನು ಅಲ್ಲಿನವರು ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಹೆಂಗಸರಿಗೆ ಬಿಡುವು. ಅಂಥ ದಿನಗಳಲ್ಲಿ ಇಬ್ಬರೂ ಸೆರಗು ಬಿಗಿದು ಶಾಲೆಯ ಮೈದಾನಕ್ಕೆ ಹೋದರು. ಒಬ್ಬಳು ಸೀಟು ಹಿಡಿಯುವುದು, ಇನ್ನೊಬ್ಬಳು ಬೀಳುವುದು. "ಪಡಿಪೋತಾನು ಅಕ್ಕಾ, ಬಿದ್ಹೋಗ್ತೀನಿ!" ಎಂದು ಎರಡು ಭಾಷೆಯಲ್ಲೂ ಕೂಗುತ್ತಿದ್ದ ರಾಮಲಕ್ಷ್ಮಮ್ಮನೇ ಮೊದಲು ಕಲಿತಳು. ಮೈದಾನ ಒಂದು ಸುತ್ತು ಹೊಡೆದು ಬಂದು, ಇಳಿಯುವುದು ಹೇಗೆಂದು ತಿಳಿಯದೆ ಬೇಲಿಗೆ ಗುದ್ದಿ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಅಮ್ಮಾಜಮ್ಮನೂ ಕಲಿತಳು.

ಮುನಿಶಾಮಪ್ಪ ಬೈಯಲಿಲ್ಲ, ಮೆಚ್ಚಲೂ ಇಲ್ಲ. "ಕಾಲ್ ಮುರ್ಕೊಂಡ್ರೆ ನಾನು ಹುಳಾನೂ ನೋಡ್ಬೇಕು, ನಿಮ್ಮಿಬ್ರನ್ನೂ ನೋಡ್ಬೇಕು" ಎಂದು ಗೊಣಗಿ ತೋಟದ ಕಡೆ ನಡೆದುಬಿಡುತ್ತಿದ್ದ. ಊರಿನವರು ಕೆಲವು ದಿನ ಆಡಿಕೊಂಡು ನಕ್ಕರು, ಆಮೇಲೆ ಸುಮ್ಮನಾದರು. ಯಾರದ್ದೋ ಹಳೆಯ ಸೈಕಲ್ಲೊಂದು ಸಿಕ್ಕಿತು, ಇಬ್ಬರಿಗೂ ಒಂದೊಂದಾಯಿತು.

ಅಲ್ಲಿಂದ ಶುರುವಾದ ಸಂತೋಷವನ್ನು ಅಮ್ಮಾಜಮ್ಮ ಆ ಮೊದಲು ಕಂಡವಳಲ್ಲ. ಸೊಪ್ಪು ತರುವ ಕೆಲಸ ಮುಗಿದರೂ ಇಬ್ಬರೂ ಮನೆಗೆ ಹೋಗುತ್ತಿರಲಿಲ್ಲ. ಕೆರೆ ಕಟ್ಟೆಯ ಮೇಲೆ ಹೋಗಿ, ಕಟ್ಟೆ ಮುಗಿಯುವ ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದುಬಿಡುತ್ತಿದ್ದರು. ಸೈಕಲ್ಲು ತಾನಾಗಿ ಓಡುತ್ತಿತ್ತು. ಹುಟ್ಟಿದಾಗಿನಿಂದ ದುಡಿಯದೆ ಒಂದು ಮಾರೂ ಮುಂದೆ ಹೋಗದವಳಿಗೆ, ಏನೂ ಮಾಡದೆ ಹೀಗೆ ಸಾಗುವುದು ಪುಕ್ಕಟೆ ಸಿಕ್ಕ ಸಿರಿಯಂತೆ ಕಾಣುತ್ತಿತ್ತು.

ಒಂದು ವರ್ಷ ಹೀಗೇ ಕಳೆಯಿತು. ಬಿಸಿಲು ಏರತೊಡಗಿದ್ದ ಮಾರ್ಚಿನ ಒಂದು ಬೆಳಗ್ಗೆ ರಾಮಲಕ್ಷ್ಮಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು.

"ಯಾಕೋ ತಲೆ ಸಿಡೀತದೆ ಅಕ್ಕ. ಇವತ್ತು ನೀನೊಬ್ಳೇ ಹೋಗ್ಬಾ."

"ಗಾಳಿಗೆ ಬಂದ್ರೆ ಹೋಗ್ತದೆ, ಏಳೇ" ಎಂದಳು ಅಮ್ಮಾಜಮ್ಮ.

ಅವಳು ಎದ್ದಳು.

ಕಟ್ಟೆಯ ಮೇಲೆ ಅರ್ಧ ದಾರಿಗೆ ರಾಮಲಕ್ಷ್ಮಮ್ಮ ಸೈಕಲ್ ನಿಲ್ಲಿಸಿ, ನಿಧಾನವಾಗಿ ಇಳಿದು, ಸ್ಟ್ಯಾಂಡ್ ಹಾಕಿ, ರಸ್ತೆಯ ಅಂಚಿಗೆ ಕೂತಳು. "ಕಣ್ಣು ಕತ್ತಲೆ ಬರ್ತಾ ಅದೆ" ಎಂದಳು. ಮಾತು ತೊದಲುತ್ತಿತ್ತು. ಅಮ್ಮಾಜಮ್ಮ ಓಡಿಬಂದು ಹಿಡಿದುಕೊಳ್ಳುವಷ್ಟರಲ್ಲಿ ಅವಳ ಮಡಿಲಿಗೇ ಒರಗಿದಳು.

ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಸಾಗಿಸಿದರು. ಮಾರನೆಯ ದಿನ ಹೊತ್ತು ಮೂಡುವ ಮುಂಚೆ ಜೀವ ಹೋಯಿತು. ಮಿದುಳಿನಲ್ಲಿ ನರ ಒಡೆದಿದೆ, ಬಿಪಿ ಬಹಳ ದಿನದಿಂದ ಏರಿದ್ದಿರಬೇಕು, ಯಾರೂ ನೋಡಿಸಿಲ್ಲ. ಮನೆಯಲ್ಲಿ ಮಲಗಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮುನಿಶಾಮಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆದರೆ ಮಣ್ಣು ಮಾಡಿ ಬಂದ ಮೇಲೆ, ನೆಂಟರೆಲ್ಲ ಕೂತಿದ್ದಾಗ ಅವನ ಬಾಯಿಂದ ಬಂದದ್ದು ಬೇರೆ ಮಾತು.

"ಅವ್ಳಿಗೆ ಸೈಕಲ್ ಹುಚ್ಚು ಹತ್ತಿಸಿದ್ದು ನೀವೇ ಅಲ್ವಾ ಅತ್ತಿಗೆ."

ತಿಥಿ ಕಳೆದ ವಾರದಲ್ಲೇ ಅವನು ಎರಡೂ ಸೈಕಲ್ಲುಗಳನ್ನು ಗುಜರಿಯವನ ಗಾಡಿಗೆ ಎತ್ತಿಹಾಕಿದ. ಅಮ್ಮಾಜಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಆಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಅವಳು ಮಾಡಿ ಬಡಿಸುವುದು, ಅವನು ತಲೆ ಬಗ್ಗಿಸಿ ಉಂಡು ಏಳುವುದು. ಅವಳಿಗೆ ಆ ಮೌನ ಅನ್ಯಾಯವೆನಿಸಲೇ ಇಲ್ಲ. ಡಾಕ್ಟರು ಹೇಳಿದ್ದನ್ನು ಬೇಕಾದಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಳು, ಆದರೂ 'ಏಳೇ' ಎಂದ ತನ್ನದೇ ದನಿ ಕಿವಿಯಿಂದ ಹೋಗಲಿಲ್ಲ. ಸೊಪ್ಪನ್ನು ಮತ್ತೆ ತಲೆಯ ಮೇಲೆ ಹೊತ್ತಳು. ಕತ್ತು ನೋಯಲಿ ಎಂದೇ ಹೊತ್ತಳು.

ದಸರಾ ರಜೆಗೆ ಯಾಮಿನಿ ಬಂದಳು. ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮನ ಪಕ್ಕದಲ್ಲಿ ಕೂತು ಕೇಳಿದಳು.

"ದೊಡ್ಡಮ್ಮ, ಅಮ್ಮ ಸೈಕಲ್ ಹೊಡೆಯೋದನ್ನ ನಾನು ನೋಡ್ಲೇ ಇಲ್ಲ. ಫೋನಲ್ಲಿ ಬಾ ಬಾ ಅಂತ ಕರೀತಾನೇ ಇದ್ರು. ಹೆಂಗ್ ಹೊಡೀತಿದ್ರು?"

ಅಮ್ಮಾಜಮ್ಮ ಹೇಳತೊಡಗಿದಳು. ಬೇಲಿಗೆ ಗುದ್ದಿದ್ದು, ನಕ್ಕಿದ್ದು, ಇಳಿಜಾರಿನಲ್ಲಿ ಎರಡೂ ಕಾಲು ಚಾಚಿ ತೆಲುಗಿನಲ್ಲಿ ಏನೇನೋ ಹಾಡಿಕೊಂಡು ಹೋಗುತ್ತಿದ್ದದ್ದು. ಹೇಳುತ್ತ ಹೇಳುತ್ತ ಆ ಬೆಳಗಿನ ಮಾತಿಗೆ ಬಂದಳು. "ತಲೆನೋವು ಅಂದ್ಲು ಕಣಮ್ಮ. ನಾನೇ ಎಬ್ಬಿಸ್ಕೊಂಡ್ ಹೋದೆ" ಎಂದಳು.

ಯಾಮಿನಿ ಅವಳ ಕೈ ಹಿಡಿದುಕೊಂಡಳು. ಜಗುಲಿಯಲ್ಲಿ ಕೂತಿದ್ದ ಮುನಿಶಾಮಪ್ಪ ಎದ್ದು ಒಳಗೆ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

"ನಾನು ಇದೇ ಊರಲ್ಲಿದ್ದೆ ಅತ್ತಿಗೆ," ಎಂದ. "ಕಟ್ಟೆ ಇಳಿಜಾರಲ್ಲಿ ಹೊಡೆಯೋದ್ ನೋಡ್ಬಾ ಅಂತ ಅವ್ಳು ಕರೆದಾಗ್ಲೆಲ್ಲ ನಾಳೆ ನೋಡ್ತೀನಿ ಅಂದೆ. ಒಂದ್ಸಲಾನೂ ನೋಡ್ಲಿಲ್ಲ."

ಅಷ್ಟು ಹೇಳಿ ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ಅತ್ತ.

ಹೊರಡುವ ದಿನ ಯಾಮಿನಿ ಮೆಲ್ಲಗೆ ಕೇಳಿದಳು, "ಇನ್ನೊಂದು ಸೈಕಲ್ ಕೊಡಿಸ್ಲಾ ದೊಡ್ಡಮ್ಮ?"

"ಬ್ಯಾಡಮ್ಮ."

"ಭಯಾನಾ?"

"ಭಯ ಇಲ್ಲ. ಆಸೆ ಇನ್ನೂ ಹೋಗಿಲ್ಲ ಕಣೇ. ಅವ್ಳೇ ಇಲ್ದಾಗ ನಂಗಿನ್ನೂ ಆಸೆ ಅದೆಯಲ್ಲ, ಅದನ್ನ ಹೆಂಗೆ ಸಹಿಸ್ಲಿ ಹೇಳು."

ಚಿಂತಾಮಣಿಯ ಬಸ್ಸು ಬಂತು. ಯಾಮಿನಿ ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಮ್ಮಾಜಮ್ಮ ಅಲ್ಲೇ ನಿಂತಿದ್ದಳು.